ಹಾಜರಿ ಪುಸ್ತಕ ತೆರೆಯುವ ಹಿಂದಿನ ದಿನ

ಈ ವಾರ ಬಂದ ಪತ್ರಗಳೆಲ್ಲ ಬೇಸಿಗೆ ರಜೆ ಮುಗಿಯುವ ಸಂಕಟದವು. ಉತ್ತರಿಸಿದವರು ಕೊಪ್ಪಳ ಜಿಲ್ಲೆಯ ಸರ್ಕಾರಿ ಶಾಲೆಗಳಲ್ಲಿ ಮೂವತ್ತಮೂರು ವರ್ಷ ಪಾಠ ಮಾಡಿ ನಿವೃತ್ತರಾದ ಮುಖ್ಯಶಿಕ್ಷಕಿ.

ಪ್ರಶ್ನೆ: ಮೇಡಂ, ನಾನು ಕಿರಿಯ ಪ್ರಾಥಮಿಕ ಶಾಲೆಯಲ್ಲಿ, ಕಾರ್ಡುಗಳ ಮೂಲಕ ಕಲಿಸುವ ನಲಿ-ಕಲಿ ತರಗತಿ ನೋಡಿಕೊಳ್ಳುತ್ತೇನೆ. ನೌಕರಿಗೆ ಸೇರಿ ಮೂರು ವರ್ಷವಾಯಿತು. ರಜೆಯಲ್ಲಿ ಹತ್ತು ಪುಸ್ತಕ ಓದಬೇಕು, ಹರಿದ ಕಾರ್ಡುಗಳನ್ನೆಲ್ಲ ಹೊಸದಾಗಿ ಮಾಡಬೇಕು ಅಂದುಕೊಂಡಿದ್ದೆ. ತವರಿಗೆ ಹೋದೆ. ಎರಡು ಮದುವೆ, ಒಂದು ಗೃಹಪ್ರವೇಶ, ಸಂಡಿಗೆ, ಉಪ್ಪಿನಕಾಯಿ. ನೋಡನೋಡುತ್ತ ಮೇ 20 ಬಂತು. ಈಗ ರಾತ್ರಿ ನಿದ್ದೆಯಿಲ್ಲ. ಈ ಕೆಲಸಕ್ಕೆ ನಾನು ತಕ್ಕವಳೇ ಅಲ್ಲವೇನೋ. — ಶಿಕ್ಷಕಿ, ಹಾವೇರಿ ಜಿಲ್ಲೆ

ಉತ್ತರ: ತಂಗಿ, ಸಂಡಿಗೆ ಚೆನ್ನಾಗಿ ಒಣಗಿತೋ ಇಲ್ಲವೋ ಅದನ್ನು ಬರೆಯಲೇ ಇಲ್ಲ ನೀವು! ರಜೆಯನ್ನು ಏಪ್ರಿಲ್ 11ರಿಂದ ಮೇ 28ರವರೆಗೆ ಲೆಕ್ಕ ಹಾಕಿದರೆ ನಲವತ್ತೆಂಟು ದಿನ; ಬಹಳವೆನಿಸುತ್ತದೆ, ಕಳೆದದ್ದೇ ತಿಳಿಯುವುದಿಲ್ಲ. ನಾನೂ ವರ್ಷವರ್ಷ ಪುಸ್ತಕದ ಕಟ್ಟು ಹೊತ್ತುಕೊಂಡು ತವರಿಗೆ ಹೋಗುತ್ತಿದ್ದೆ, ಗಂಟು ಬಿಚ್ಚದೆ ವಾಪಸು ತರುತ್ತಿದ್ದೆ. ಕೊನೆಗೊಂದು ವರ್ಷ ನಮ್ಮವ್ವ, ‘ಇದನ್ನ ಬಸ್ಸು ಹತ್ತಿಸಿ ಇಳಿಸೋದ್ರಾಗ ಏನು ಪುಣ್ಯ ಐತಿ?’ ಅಂದಳು. ಅಲ್ಲಿಗೆ ಬಿಟ್ಟೆ.

ನಿದ್ದೆಯ ಮಾತು ಬೇರೆ. ಮೇ ಕೊನೆಯ ವಾರದಲ್ಲಿ ನನಗೆ ಒಂದೇ ಕನಸು: ಗಂಟೆ ಹೊಡೆದಿದೆ, ಮಕ್ಕಳು ಸಾಲಾಗಿ ನಿಂತಿದ್ದಾರೆ, ಹಾಜರಿ ಪುಸ್ತಕ ಸಿಗುತ್ತಿಲ್ಲ. ನಿವೃತ್ತಿಯ ವರ್ಷವೂ ಬಿತ್ತು. ಹಾಗಾಗಿ ಅದು ಯೋಗ್ಯತೆಯ ಪ್ರಶ್ನೆಯಲ್ಲ ಬಿಡಿ.

ನಾನು ಮಾಡುತ್ತಿದ್ದುದು ಇಷ್ಟೇ. ಶಾಲೆ ತೆರೆಯುವ ಹಿಂದಿನ ದಿನ ಬೀಗದ ಕೈ ಇಸಿದುಕೊಂಡು ಒಬ್ಬಳೇ ಹೋಗುತ್ತಿದ್ದೆ. ಜಗಲಿಯಲ್ಲಿ ಯಾರೋ ಕುಡಿದು ಬಿಟ್ಟುಹೋದ ಬಾಟಲಿ, ಒಳಗೆ ಕಾರ್ಡಿನ ತಟ್ಟೆಗಳ ತುಂಬ ಹಲ್ಲಿ ಹಿಕ್ಕೆ. ಹವಾಮಾನ ನಕ್ಷೆ ಏಪ್ರಿಲ್ 10ಕ್ಕೇ ನಿಂತಿರುತ್ತಿತ್ತು, ಅದರ ಮುಂದೆ ಮಕ್ಕಳು ಬರೆದ ಸೂರ್ಯ. ಮೊದಲು ಗುಡಿಸುತ್ತಿದ್ದೆ. ಆಮೇಲೆ ಹೋದ ವರ್ಷದ ಹಾಜರಿ ಪುಸ್ತಕ ತೆಗೆದು ಒಂದೊಂದೇ ಹೆಸರನ್ನು ಗಟ್ಟಿಯಾಗಿ ಓದುತ್ತಿದ್ದೆ. ಹೆಸರಿನ ಹಿಂದೆಯೇ ಮುಖ ಬಂದರೆ ಸರಿ. ಕೆಲವು ಹೆಸರಿಗೆ ಮುಖವೇ ಬರುತ್ತಿರಲಿಲ್ಲ. ಪ್ರತಿ ವರ್ಷ ನಾಲ್ಕೋ ಐದೋ. ಅವರೆಲ್ಲ ಒಂದೇ ಬಗೆಯ ಮಕ್ಕಳು ಎಂಬುದು ತಿಳಿಯುವುದಕ್ಕೆ ನನಗೆ ಹತ್ತು ವರ್ಷ ಬೇಕಾಯಿತು. ಗಲಾಟೆ ಮಾಡುವವರಲ್ಲ, ಜಾಣರಲ್ಲ, ತೀರಾ ಹಿಂದುಳಿದವರೂ ಅಲ್ಲ. ಗೋಡೆ ಪಕ್ಕದಲ್ಲಿ ಕೂತು ಹೇಳಿದ್ದಷ್ಟು ಮಾಡಿಕೊಂಡು ಹೋಗುವವರು. ನಲವತ್ತೆಂಟು ದಿನದಲ್ಲಿ ನಾನು ಮರೆತಿದ್ದೆನೆಂದರೆ ಏಪ್ರಿಲ್‌ನಲ್ಲೂ ಸರಿಯಾಗಿ ನೋಡಿರಲಿಲ್ಲ ಅಂತಲೇ ಅರ್ಥ.

ಆ ಹೆಸರುಗಳನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಮೊದಲ ದಿನ ತಳಿರು ತೋರಣ, ಪಾಯಸದ ಗಡಿಬಿಡಿಯಲ್ಲೇ ಅವರ ಪಕ್ಕ ಹೋಗಿ ಕೂತು ಮಾತಾಡಿಸಿ. ಹತ್ತು ಪುಸ್ತಕ ಓದಿದ್ದರೂ ಈ ಚೀಟಿ ಸಿಗುತ್ತಿರಲಿಲ್ಲ.

ಪ್ರಶ್ನೆ: ನನ್ನ ಮಗಳು ಒಂದನೇ ತರಗತಿ ಮುಗಿಸಿದ್ದಾಳೆ. ಮಾರ್ಚ್‌ನಲ್ಲಿ ‘ಅರಸ’, ‘ಅಗಸ’ ಎಂದು ಕೂಡಿಸಿ ಓದುತ್ತಿದ್ದಳು. ಅಜ್ಜಿ ಊರಿಂದ ಬಂದ ಮೇಲೆ ‘ಸ’ ತೋರಿಸಿದರೂ ಪಿಳಿಪಿಳಿ ನೋಡುತ್ತಾಳೆ. ಟ್ಯೂಷನ್‌ಗೆ ಹಾಕಲೇ? — ತಾಯಿ, ತುಮಕೂರು

ಉತ್ತರ: ಬೇಡ. ನಿಮ್ಮ ಮಗಳು ಕಲಿತದ್ದು ನಲಿ-ಕಲಿ ಕ್ರಮ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದದ್ದು. ಅಲ್ಲಿ ‘ಅ ಆ ಇ ಈ’ ಮೊದಲು ಬರುವುದಿಲ್ಲ, ‘ರ ಗ ಸ ದ ಅ’ ಬರುತ್ತವೆ. ಐದೇ ಅಕ್ಷರದಲ್ಲಿ ಸರ, ಗರಗಸ, ದಸರ ಎಲ್ಲ ಓದಬಹುದು. ಅಜ್ಜಿಯರು ಇದನ್ನು ಒಪ್ಪುವುದಿಲ್ಲ, ಆ ಜಗಳ ಬೇರೆ.

ಇನ್ನು ಮರೆವಿನ ಮಾತು. ಜರ್ಮನಿಯ ಎಬ್ಬಿಂಗ್‌ಹೌಸ್ ಎಂಬಾತ ಅರ್ಥವಿಲ್ಲದ ಉಚ್ಚಾರಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಬೇಗ ಮರೆಯುತ್ತೇನೆ ಎಂದು ಅಳೆದು 1885ರಲ್ಲಿ ಪುಸ್ತಕ ಬರೆದ. ಬಹಳ ಬೇಗ ಮರೆತಿದ್ದ. ಆದರೆ ಮರೆತದ್ದನ್ನು ಮತ್ತೆ ಕಲಿಯುವಾಗ ಮೊದಲ ಸಲದಷ್ಟು ಹೊತ್ತು ಹಿಡಿಯಲಿಲ್ಲ. ಮರೆತಂತೆ ಕಂಡದ್ದು ಪೂರ್ತಿ ಹೋಗಿರುವುದಿಲ್ಲ. ಶಾಲೆಯಲ್ಲೂ ಹೊಸ ಪಾಠಕ್ಕೆ ಮುಂಚೆ, ಹಿಂದಿನ ವರ್ಷದ ಕಲಿಕೆಯನ್ನು ನೆನಪಿಸುವ ಸೇತುಬಂಧ ಮಾಡಿಸುವುದು ಇದಕ್ಕೇ. ಪೂರ್ವ ಪರೀಕ್ಷೆಯಲ್ಲಿ ಸೊನ್ನೆ ಸುತ್ತಿದ ಮಗು ಎರಡು ವಾರಕ್ಕೆ ಓದತೊಡಗಿದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

‘ಇದೇನು ಹೇಳು, ಅದೇನು ಹೇಳು’ ಎಂದು ಮನೆಯಲ್ಲೇ ಪರೀಕ್ಷೆ ಮಾಡಬೇಡಿ. ರಂಗೋಲಿ ಹಿಟ್ಟಿನಲ್ಲಿ ನೀವು ‘ಸರ’ ಬರೆಯಿರಿ, ಅವಳು ಅದರ ಮೇಲೆ ತಿದ್ದಲಿ. ದಿನಕ್ಕೆ ಹತ್ತು ನಿಮಿಷ ಸಾಕು. ಅಜ್ಜಿ ಊರಲ್ಲಿ ಏನೇನು ಮಾಡಿದಳು ಅಂತಲೂ ಕೇಳಿ. ಮಾವಿನಕಾಯಿ ಎಣಿಸಿ ಐದೈದರ ಗುಡ್ಡೆ ಹಾಕಿದ್ದರೆ ಐದರ ಮಗ್ಗಿ ಅರ್ಧ ಬಂದ ಹಾಗೆ.

ಪ್ರಶ್ನೆ: ವರ್ಷಕ್ಕೆ ಒಂದೂವರೆ ತಿಂಗಳು ಸಂಬಳದ ಜೊತೆ ರಜೆ ಪಡೆಯುವ ಮೇಷ್ಟರುಗಳಿಗೆ ಇಷ್ಟೊಂದು ಗೋಳೇಕೆ? — ನಿವೃತ್ತ ಬ್ಯಾಂಕ್ ನೌಕರ, ಶಿವಮೊಗ್ಗ

ಉತ್ತರ: ನೀವೂ ಒಮ್ಮೆ ನಮ್ಮ ಜೊತೆ ಏಪ್ರಿಲ್ ಬಿಸಿಲಲ್ಲಿ ಎಸ್ಸೆಸ್ಸೆಲ್ಸಿ ಮೌಲ್ಯಮಾಪನಕ್ಕೆ ಬರಬೇಕಿತ್ತು. 2024ರಲ್ಲಿ ರಜೆಯ ನಡುವೆಯೇ ಏಪ್ರಿಲ್ 26 ಮತ್ತು ಮೇ 7ರಂದು ಲೋಕಸಭಾ ಚುನಾವಣೆ ಕೆಲಸ. 2025ರ ಮೇ 5ರಿಂದ ಪರಿಶಿಷ್ಟ ಜಾತಿಗಳ ಸಮೀಕ್ಷೆಗೆ ಮನೆಮನೆ ಅಲೆದವರೂ ಶಿಕ್ಷಕರೇ. ಬೇರೆ ಇಲಾಖೆಯವರಿಗೆ ವರ್ಷಕ್ಕೆ 30 ದಿನ ಗಳಿಕೆ ರಜೆ ಇದೆ, ನಮಗೆ ಅಷ್ಟಿಲ್ಲ. ಹಾಗಂತ ನಿಮ್ಮ ಹೊಟ್ಟೆಕಿಚ್ಚು ಪೂರ್ತಿ ತಪ್ಪೆಂದು ಹೇಳಲಾರೆ. ಮೇ ಮಧ್ಯಾಹ್ನ ಊಟ ಮಾಡಿ ತಣ್ಣನೆ ನೆಲದ ಮೇಲೆ ಮಲಗುವಾಗ ನಿಮ್ಮಂಥವರನ್ನು ನಾನೂ ನೆನೆದು ನಕ್ಕಿದ್ದೇನೆ.

ಪ್ರಶ್ನೆ: ನಮ್ಮೂರಿನ ಅರ್ಧ ಮಕ್ಕಳು ಅಪ್ಪ-ಅಮ್ಮನ ಜೊತೆ ಗುಳೆ ಹೋಗಿದ್ದಾರೆ. ಮಳೆ ಬಿದ್ದ ಮೇಲೆ ಬರುತ್ತಾರೆ. ಅಷ್ಟರಲ್ಲಿ ಸೇತುಬಂಧ ಮುಗಿದಿರುತ್ತದೆ. ಏನು ಮಾಡಲಿ? — ಮುಖ್ಯಶಿಕ್ಷಕ, ಯಾದಗಿರಿ ಜಿಲ್ಲೆ

ಉತ್ತರ: ಗುರುಗಳೇ, ಇದಕ್ಕೆ ನನ್ನ ಹತ್ತಿರ ಪೂರ್ತಿ ಪರಿಹಾರವಿಲ್ಲ. ಅವರ ಪಠ್ಯಪುಸ್ತಕ, ಸಮವಸ್ತ್ರಕ್ಕೆ ಹೆಸರು ಬರೆದು ಬೇರೆ ಕಟ್ಟಿಡಿ, ಬೇರೆಯವರಿಗೆ ಹಂಚಿಬಿಡಬೇಡಿ. ಬಂದವರಿಗೆ ಸೇತುಬಂಧ ಮತ್ತೊಮ್ಮೆ ಮಾಡಿಸಿ. ಇಬ್ಬರೇ ಮಕ್ಕಳಿದ್ದರೂ ಮಾಡಿಸಿ. ಇನ್ನೊಂದು ಮಾತು: ತರಗತಿಯಲ್ಲಿ ಮಕ್ಕಳ ಚಿತ್ರ ತೂಗುಹಾಕುವ ಚಪ್ಪರದ ದಾರದಿಂದ ಅವರವನ್ನು ಕಿತ್ತುಹಾಕಬೇಡಿ.

ಒಂದು ವರ್ಷ ಜುಲೈನಲ್ಲಿ ಒಬ್ಬ ಹುಡುಗ ಬೆಂಗಳೂರಿನಿಂದ ಬಂದ. ಅಂಗೈ ತುಂಬ ಸಿಮೆಂಟಿನ ಬಿರುಕು. ಬಂದವನು ನನ್ನನ್ನೂ ನೋಡಲಿಲ್ಲ, ಗೆಳೆಯರನ್ನೂ ನೋಡಲಿಲ್ಲ. ಕತ್ತು ಎತ್ತಿ ದಾರದುದ್ದಕ್ಕೂ ಹುಡುಕಿದ. ‘ಟೀಚರ್ರೀ, ನನ್ನ ಎತ್ತು ಎಲ್ಲೈತ್ರಿ?’ ಅಂದ. ಮೂಲೆಯಲ್ಲಿತ್ತು, ಕಾಲೊಂದನ್ನು ಗೆದ್ದಲು ತಿಂದಿತ್ತು. ಬಳಪ ಇಸಿದುಕೊಂಡು ಮೊದಲು ಕಾಲು ಬರೆದ, ಆಮೇಲೆ ಹೋಗಿ ಕೂತ.