ಪೇತ್ರನು ದಾಟಿದ ಹೊಸ್ತಿಲು

ಅಪೊಸ್ತಲರ ಕೃತ್ಯಗಳು 10ನೆಯ ಅಧ್ಯಾಯವನ್ನು ಓದಿರಿ. ಯೊಪ್ಪದಲ್ಲಿ ಪೇತ್ರನು, ಯೆಹೂದ್ಯರು ಹೀನವೆಂದೆಣಿಸಿದ ಚರ್ಮದ ಕಸಬಿನವನಾದ ಸೀಮೋನನ ಮನೆಯಲ್ಲಿ ಇಳಿದುಕೊಂಡಿದ್ದನು. ಆದರೂ ಅನ್ಯಜನರ ಹೊಸ್ತಿಲನ್ನು ದಾಟಲು ಅವನ ಮನಸ್ಸು ಒಪ್ಪಿರಲಿಲ್ಲ. ಮೂರಾವರ್ತಿ ದರ್ಶನವಾಗಿ, ಆತ್ಮನು ಅಪ್ಪಣೆಕೊಟ್ಟ ಮೇಲೆ ಕೈಸರೈಯಕ್ಕೆ ಹೋಗಿ ಕೊರ್ನೇಲ್ಯನ ಮನೆಯನ್ನು ಪ್ರವೇಶಿಸಿದನು. ಯೆರೂಸಲೇಮಿನ ಸಹೋದರರು ಆಕ್ಷೇಪಿಸಿದಾಗ ನಡೆದುದನ್ನು ಕ್ರಮವಾಗಿ ವಿವರಿಸಿದನು. ಅವರು ಸುಮ್ಮನಾಗಿ ದೇವರನ್ನು ಕೊಂಡಾಡಿದರು. ಹೀಗೆ ಮೊದಲು ಒಬ್ಬನ ಮನಸ್ಸು, ಬಳಿಕ ಸಭೆಯ ಮನಸ್ಸು ಮಾರ್ಪಟ್ಟಿತು.

1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಆಂಗ್ಲಿಕನ್, ಮೆಥೊಡಿಸ್ಟ್, ದಕ್ಷಿಣ ಭಾರತ ಐಕ್ಯ ಸಭೆಗಳವರು ಒಂದುಗೂಡಿದರು. ಆದರೆ ಸಭೆಯ ಹೆಸರು ಒಂದಾದರೆ ಸಾಕೋ? ಕರ್ತನ ಭೋಜನದಲ್ಲಿ ಪಾಲುಹೊಂದಿದವನು ಸಹೋದರನ ಮನೆಯ ನೀರನ್ನು ಕುಡಿಯಲು ಹಿಂಜರಿಯಬಹುದೋ? ನೀವು ಇದುವರೆಗೆ ದಾಟದ ಹೊಸ್ತಿಲು ಯಾವುದೆಂದು ಪರೀಕ್ಷಿಸಿಕೊಂಡು, ಪ್ರಾರ್ಥಿಸಿ, ಈ ವಾರವೇ ಅದನ್ನು ದಾಟಿರಿ.