ಮಾಂಸದೊಳಕ್ಕೆ ನಾಟುವ ಉಗುರು

ಶರೀರದ ಭಾಗಗಳಲ್ಲಿ ಉಗುರಿನಷ್ಟು ಉಪೇಕ್ಷೆಗೆ ಒಳಗಾದುದು ಮತ್ತೊಂದಿಲ್ಲ. ಬೆಳೆದಾಗ ಕತ್ತರಿಸಿ ಎಸೆದರೆ ನಮ್ಮ ಕರ್ತವ್ಯ ಮುಗಿಯಿತೆಂದು ತಿಳಿಯುತ್ತೇವೆ. ಆದರೆ ಕಾಲಿನ ಹೆಬ್ಬೆರಳಿನ ಉಗುರು ಅಂಚಿನಲ್ಲಿ ಮಾಂಸದೊಳಕ್ಕೆ ನಾಟಿಕೊಂಡಿತೆಂದರೆ ಗಟ್ಟಿಮುಟ್ಟಾದ ತರುಣನೂ ನಾಲ್ಕು ಹೆಜ್ಜೆ ನೆಟ್ಟಗೆ ಇಡಲಾರನು. ಈ ವ್ಯಾಧಿಯು ಹೆಚ್ಚಾಗಿ ಕಾಣಿಸಿಕೊಳ್ಳುವುದು ಹದಿಹರೆಯದವರಲ್ಲಿಯೂ ತರುಣರಲ್ಲಿಯೂ ಆದುದರಿಂದ, ವಿದ್ಯಾರ್ಥಿಗಳು ಇದರ ಸ್ವರೂಪವನ್ನು ಅರಿತಿರುವುದು ಆವಶ್ಯಕ.

ಬೆಂಗಳೂರಿನ ಉತ್ತರ ಭಾಗದಲ್ಲಿರುವ ಶೆಟ್ಟಿಹಳ್ಳಿಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಸಮೀಪದ ಜಾಲಹಳ್ಳಿಯ ಕಡೆ 1953ರಲ್ಲಿ ಎಚ್.ಎಂ.ಟಿ., 1954ರಲ್ಲಿ ಬಿ.ಇ.ಎಲ್. ಸಂಸ್ಥೆಗಳು ನೆಲೆಗೊಂಡವು, ಅನಂತರ ಪೀಣ್ಯದ ಕೈಗಾರಿಕೆಗಳು ಬಂದವು. ಸುತ್ತಣ ಹಳ್ಳಿಗಳು ಕ್ರಮೇಣ ನಗರದೊಳಗೆ ಸೇರಿಹೋದವು. ಹೊಲದಲ್ಲಿ ಬರಿಗಾಲಿನಲ್ಲಿಯೋ ಮೆಟ್ಟು ಮೆಟ್ಟಿಯೋ ನಡೆದವರ ಮೊಮ್ಮಕ್ಕಳು ಇಂದು ಶಾಲೆಯ ಬೂಟಿನಲ್ಲಿ, ಕಾರ್ಖಾನೆಯ ಉಕ್ಕಿನ ಮೂತಿಯ ಬೂಟಿನಲ್ಲಿ ದಿನವಿಡೀ ಕಾಲನ್ನು ಬಂಧಿಸಿಡುತ್ತಾರೆ. ಕಾಲು ಬೆಳೆದರೂ ಬೂಟು ಬೆಳೆಯುವುದಿಲ್ಲ. ವ್ಯಾಧಿಯ ಒಂದು ಮುಖ್ಯ ಕಾರಣ ಇಲ್ಲಿಯೇ ಇದೆ.

ಉಗುರಿನ ರಚನೆ

ನಮ್ಮ ಕಣ್ಣಿಗೆ ಕಾಣುವ ಗಟ್ಟಿಯಾದ ಫಲಕವು ಕೆರಾಟಿನ್ ಎಂಬ ಸಸಾರಜನಕದಿಂದ ಆದುದು. ಅದರಲ್ಲಿ ಜೀವವಿಲ್ಲ, ಆದ್ದರಿಂದಲೇ ಕತ್ತರಿಸಿದರೆ ನೋವಾಗದು. ಜೀವವಿರುವುದು ಬುಡದಲ್ಲಿ, ಚರ್ಮದ ಮಡಿಕೆಯ ಕೆಳಗೆ ಹುದುಗಿರುವ ಉಗುರಿನ ಬೇರಿನಲ್ಲಿ. ಅಲ್ಲಿ ಹೊಸ ಜೀವಕೋಶಗಳು ಹುಟ್ಟಿ, ಗಡುಸಾಗಿ, ಮುಂದಕ್ಕೆ ತಳ್ಳಲ್ಪಡುತ್ತವೆ. ಕೈಯುಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆದರೆ ಕಾಲಿನ ಉಗುರು ಅದರ ಅರ್ಧದಷ್ಟು ಮಾತ್ರ ಬೆಳೆಯುತ್ತದೆ. ಹೆಬ್ಬೆರಳಿನ ಉಗುರು ಸಂಪೂರ್ಣ ಹೊಸದಾಗಲು 12ರಿಂದ 18 ತಿಂಗಳು ಬೇಕು.

ವ್ಯಾಧಿಯ ಕ್ರಮ

ಫಲಕದ ಇಕ್ಕೆಲದಲ್ಲಿಯೂ ಚರ್ಮದ ಮಡಿಕೆಗಳಿವೆ. ಉಗುರಿನ ಮೂಲೆಗಳನ್ನು ಆಳವಾಗಿ ದುಂಡಗೆ ಕತ್ತರಿಸಿದಾಗ ಒಳಗಡೆ ಒಂದು ಮೊನಚಾದ ಚೂರು ಉಳಿಯುವುದುಂಟು. ಬಿಗಿಯಾದ ಬೂಟು ಮಡಿಕೆಯನ್ನು ಅದರ ಮೇಲೆ ಒತ್ತುತ್ತದೆ. ಬೆವರು ಚರ್ಮವನ್ನು ಮೆತ್ತಗಾಗಿಸುತ್ತದೆ. ಉಗುರು ಮುಂದೆ ಬೆಳೆದಂತೆಲ್ಲ ಆ ಚೂರು ಮುಳ್ಳಿನಂತೆ ಮಾಂಸದೊಳಕ್ಕೆ ಇಳಿಯುತ್ತದೆ.

ಮೊದಲನೆಯ ಹಂತದಲ್ಲಿ ಕೆಂಪು, ಊತ, ನೋವು ಮಾತ್ರ ಇರುತ್ತವೆ. ಎರಡನೆಯದರಲ್ಲಿ ನಂಜೇರಿ ಕೀವು ಒಸರುತ್ತದೆ. ಮೂರನೆಯದರಲ್ಲಿ, ಮುಟ್ಟಿದರೆ ರಕ್ತ ಬರುವಂಥ ಕೆಂಪು ಮಾಂಸಾಂಕುರ ಬೆಳೆದು ಮಡಿಕೆಯು ದಪ್ಪವಾಗಿ ಉಗುರನ್ನು ಮುಚ್ಚುತ್ತದೆ.

ಸುಶ್ರುತಸಂಹಿತೆಯು ಉಗುರಿನ ಮಾಂಸವು ನೋವು ಉರಿಗಳೊಡನೆ ಪಕ್ವವಾಗುವ ವ್ಯಾಧಿಯನ್ನು ‘ಚಿಪ್ಪ’ವೆಂದು ಕರೆದು ಕ್ಷುದ್ರರೋಗಗಳಲ್ಲಿ ಎಣಿಸಿದೆ. ನಮ್ಮ ಜನ ಇಂಥದನ್ನೆಲ್ಲ ಉಗುರುಸುತ್ತು ಎಂದು ಕರೆದು, ಬೆರಳಿಗೆ ನಿಂಬೆಹಣ್ಣು ಸಿಕ್ಕಿಸುವುದುಂಟು. ಆದರೆ ಇಲ್ಲಿ ನಂಜಿಗೆ ಮೂಲ ಉಗುರೇ. ಮುಳ್ಳು ಒಳಗಿರುವವರೆಗೆ ನಿಂಬೆಹಣ್ಣಾಗಲಿ, ಕ್ರಿಮಿನಾಶಕ ಗುಳಿಗೆಯಾಗಲಿ ವ್ಯಾಧಿಯನ್ನು ಬುಡಸಹಿತ ನೀಗಲಾರದು.

ಉಗುರು ಕಿತ್ತರೆ ಸಾಲದೇಕೆ?

ಮೊದಲನೆಯ ಹಂತದಲ್ಲಿ ಶಸ್ತ್ರಚಿಕಿತ್ಸೆ ಬೇಕಾಗುವುದಿಲ್ಲ. ಬೆಚ್ಚನೆಯ ನೀರಿನಲ್ಲಿ ಕಾಲನ್ನು ನೆನೆಯಿಡುವುದು, ಉಗುರಿನ ಮೂಲೆಯ ಕೆಳಗೆ ಶುದ್ಧವಾದ ಹತ್ತಿಯ ಎಳೆಯನ್ನು ಸೇರಿಸಿ ಅದನ್ನು ಮೇಲೆತ್ತುವುದು, ಅಗಲವಾದ ಪಾದರಕ್ಷೆ ಧರಿಸುವುದು ಬಹುಮಟ್ಟಿಗೆ ಗುಣ ಕೊಡುತ್ತವೆ. ವ್ಯಾಧಿಯು ಮರಳಿ ಮರಳಿ ಬಂದಾಗ ಶಸ್ತ್ರದ ಮಾತು.

ಇಡೀ ಉಗುರನ್ನು ಕಿತ್ತುಬಿಟ್ಟರೆ ಕಾಟ ತಪ್ಪುವುದೆಂದು ಅನೇಕರು ಭಾವಿಸುತ್ತಾರೆ. ನೋವೇನೋ ಒಡನೆ ಇಳಿಯುತ್ತದೆ. ಆದರೆ ಬೇರು ಹಾಗೆಯೇ ಉಳಿದಿದೆಯಲ್ಲ! ಒಂದು ವರ್ಷ ಕಳೆಯುವುದರೊಳಗೆ ಉಗುರು ಮತ್ತೆ ಬೆಳೆದು ಅದೇ ಮಡಿಕೆಗೆ ನಾಟುವ ಸಂಭವ ಬಹಳ. ಆದ್ದರಿಂದ ತೆಗೆಯಬೇಕಾದುದು ಇಡೀ ಫಲಕವನ್ನಲ್ಲ, ನಾಟುವ ಅಂಚನ್ನು. ನಾಶಪಡಿಸಬೇಕಾದುದು ಆ ಅಂಚನ್ನು ಹುಟ್ಟಿಸುವಷ್ಟು ಬೇರನ್ನು.

ಶಸ್ತ್ರಚಿಕಿತ್ಸೆಯ ವಿಧಾನ

ವೈದ್ಯರು ಬೆರಳಿನ ಬುಡದಲ್ಲಿ ಎರಡೂ ಪಕ್ಕಕ್ಕೆ ಲಿಗ್ನೊಕೇಯ್ನ್ ಚುಚ್ಚುತ್ತಾರೆ. ಸ್ವೀಡನ್ನಿನಲ್ಲಿ 1943ರಲ್ಲಿ ತಯಾರಾದ ಈ ಔಷಧ ನರಗಳ ಸಂದೇಶವನ್ನು ತಡೆಯುವುದರಿಂದ ರೋಗಿಯು ಎಚ್ಚರವಾಗಿದ್ದರೂ ಬೆರಳಿಗೆ ನೋವು ತಿಳಿಯದು. ಬುಡಕ್ಕೆ ರಬ್ಬರಿನ ಪಟ್ಟಿ ಬಿಗಿದು ರಕ್ತವನ್ನು ಸ್ವಲ್ಪ ಹೊತ್ತು ತಡೆಯುತ್ತಾರೆ. ಬಳಿಕ ನಾಟಿದ ಅಂಚಿನ ಕೆಲವೇ ಮಿಲಿಮೀಟರ್ ಅಗಲದ ಪಟ್ಟಿಯನ್ನು ತುದಿಯಿಂದ ಬುಡದವರೆಗೆ ಸೀಳಿ ಹೊರತೆಗೆಯುತ್ತಾರೆ. ಬಯಲಾದ ಬೇರಿನ ಮೂಲೆಗೆ ಗಾಢವಾದ ಫೀನಾಲನ್ನು ಸಣ್ಣ ಹತ್ತಿಯ ತುಂಡಿನಿಂದ ಒಂದೆರಡು ನಿಮಿಷ ಒತ್ತುತ್ತಾರೆ. ಪಟ್ಟಿ ಬಿಚ್ಚಿ ಕಟ್ಟು ಕಟ್ಟುವುದರೊಡನೆ ಕೆಲಸ ಮುಗಿಯುತ್ತದೆ. ರೋಗಿ ಅಂದೇ ಮನೆಗೆ ಹೋಗಬಹುದು.

ಫೀನಾಲಿಗೆ ಕಾರ್ಬಾಲಿಕ್ ಆಮ್ಲವೆಂದೂ ಹೆಸರು. 1865ರಲ್ಲಿ ಗ್ಲಾಸ್ಗೋದಲ್ಲಿ ಜೋಸೆಫ್ ಲಿಸ್ಟರ್ ಗಾಯಗಳ ನಂಜನ್ನು ತಡೆಯಲು ಬಳಸಿದ್ದು ಇದನ್ನೇ. ಇದು ಜೀವಕೋಶಗಳ ಸಸಾರಜನಕವನ್ನು, ಬಿಸಿಯು ಮೊಟ್ಟೆಯ ಬಿಳಿಯನ್ನು ಮಾಡುವಂತೆ, ಹೆಪ್ಪುಗಟ್ಟಿಸುತ್ತದೆ. ಬೇರಿನ ಆ ಭಾಗ ಸಾಯುತ್ತದೆ. ನರದ ತುದಿಗಳೂ ಮರಗಟ್ಟುವುದರಿಂದ ಮುಂದಿನ ನೋವು ಕಡಿಮೆ. ಕಾಕ್ರೇನ್ ಸಂಸ್ಥೆ 2012ರಲ್ಲಿ ಪ್ರಕಟಿಸಿದ ಸಮೀಕ್ಷೆಯು 24 ಅಧ್ಯಯನಗಳನ್ನು ತೂಗಿನೋಡಿ, ವ್ಯಾಧಿಯು ಮರುಕಳಿಸದಂತೆ ತಡೆಯುವುದರಲ್ಲಿ ಶಸ್ತ್ರವಿಲ್ಲದ ಉಪಾಯಗಳಿಗಿಂತ ಶಸ್ತ್ರಚಿಕಿತ್ಸೆ ಮೇಲೆಂದು ಕಂಡಿತು.

ಕೆಲವು ವಾರಗಳವರೆಗೆ ಗಾಯದಿಂದ ನೀರು ಒಸರುವುದು ಸಹಜ. ಅದನ್ನು ಶುದ್ಧವಾಗಿಟ್ಟು ಕಟ್ಟು ಬದಲಿಸುತ್ತಿರಬೇಕು. ಉಗುರು ಮುಂದೆ ಸ್ವಲ್ಪ ಕಿರಿದಾಗಿ ಕಾಣುತ್ತದೆ, ಅಷ್ಟೆ.

ಎಚ್ಚರಿಕೆ

ಮಧುಮೇಹವುಳ್ಳವರ ವಿಷಯ ಬೇರೆ. ಅವರ ಕಾಲಿನ ನರಗಳು ಜಡವಾಗಿದ್ದರೆ ಉಗುರು ನಾಟಿದ್ದೇ ತಿಳಿಯದು. ರಕ್ತಸಂಚಾರ ಕುಗ್ಗಿದ್ದರೆ ಸಣ್ಣ ಗಾಯವೂ ಮಾಯದೆ ಬೆರಳನ್ನೇ ಕಳೆದುಕೊಳ್ಳುವ ಸ್ಥಿತಿ ಬರಬಹುದು. ಮನೆಯಲ್ಲಿ ಅಜ್ಜ ಅಜ್ಜಿಯರಿಗೆ ಈ ರೋಗವಿದ್ದರೆ ಅವರ ಪಾದಗಳನ್ನು ದಿನವೂ ಬೆಳಕಿನಲ್ಲಿ ನೋಡುವ ಕೆಲಸವನ್ನು ಮಕ್ಕಳೇ ವಹಿಸಿಕೊಳ್ಳಬಹುದು. ಅವರ ಬೆರಳಿನಲ್ಲಿ ಕೆಂಪು ಕಂಡರೆ ಬ್ಲೇಡಿನಿಂದ ಬಿಡಿಸಲು ಹೋಗದೆ ಒಡನೆ ವೈದ್ಯರಲ್ಲಿಗೆ ಕರೆದೊಯ್ಯಬೇಕು.

ಉಳಿದವರೆಲ್ಲರಿಗೂ ನಿಯಮ ಸುಲಭವಾದುದು: ಕಾಲಿನ ಉಗುರನ್ನು ನೇರವಾಗಿ ಕತ್ತರಿಸಿರಿ, ಮೂಲೆಗಳನ್ನು ಅಗೆಯಬೇಡಿರಿ, ಬೆರಳುಗಳು ಆಡುವಷ್ಟು ಜಾಗವಿರುವ ಬೂಟನ್ನೇ ಆರಿಸಿಕೊಳ್ಳಿರಿ.