ಸುಖ ಪ್ರಸವಕ್ಕೆ ಬೆದೆಯ ದಿನವೇ ಬುನಾದಿ



ಹಸು ಕರು ಹಾಕುವ ದಿನ ಮನೆಮಂದಿಗೆಲ್ಲ ಸಂಭ್ರಮ. ಹಸುವಿಗೆ ಮಾತ್ರ ಅದು ಅತ್ಯಂತ ಅಪಾಯದ ದಿನ. ಕರು ಸಿಕ್ಕಿಹಾಕಿಕೊಳ್ಳುವುದು, ಕಸ ಬೀಳದಿರುವುದು, ಹಾಲು ಜ್ವರ, ಗರ್ಭಕೋಶದ ಸೋಂಕು, ಕೆಚ್ಚಲು ಬಾವು, ಕೀಟೋಸಿಸ್ ಇವೆಲ್ಲ ಹೆಚ್ಚಾಗಿ ಕಾಣುವುದು ಕರು ಹಾಕುವ ಮುಂಚಿನ ಮೂರು ವಾರ ಮತ್ತು ನಂತರದ ಮೂರು ವಾರಗಳಲ್ಲಿ. ಈ ಕಾಲದ ಮೇವು ಮತ್ತು ಆರೈಕೆಯ ಬಗ್ಗೆ ತಾವು ಹಲವು ಸಲ ಓದಿದ್ದೀರಿ. ಈ ಸಂಚಿಕೆಯ ಪಾಠ ಬೇರೆ. ಈ ಕಷ್ಟಗಳಲ್ಲಿ ಒಂದು ಪಾಲನ್ನು ಒಂಬತ್ತು ತಿಂಗಳು ಮೊದಲೇ, ಅಂದರೆ ಬೆದೆಗೆ ಬಂದ ಹಸುವಿಗೆ ಹೋರಿ ಆರಿಸುವಾಗಲೇ, ತಪ್ಪಿಸುವುದು ಹೇಗೆ ಎಂಬುದನ್ನು ನೋಡೋಣ.

ನಾನು ಕಲಿತ ಪಾಠ

ಕೆಲವು ವರ್ಷಗಳ ಹಿಂದಿನ ಮಾತು. ಹಳ್ಳಿಯೊಂದರಲ್ಲಿ ಗಂಡನನ್ನು ಕಳೆದುಕೊಂಡ ತಾಯಿಯೊಬ್ಬರು ಒಂದೇ ಒಂದು ಜರ್ಸಿ ಮಿಶ್ರತಳಿ ಕಡಸು ಸಾಕಿದ್ದರು. ಸಂಸಾರದ ಆಸ್ತಿಯೆಲ್ಲ ಅದೇ. ಬೆದೆಗೆ ಬಂದಾಗ ನನ್ನನ್ನು ಕೇಳಿದರು. ಬೇರೊಂದು ಕರೆಗೆ ಹೊರಟಿದ್ದ ನಾನು ಕಡಸನ್ನು ಸರಿಯಾಗಿ ನೋಡದೆ, "ಬೆದೆ ಚೆನ್ನಾಗಿದೆಯಮ್ಮ, ಹಾಕಿಸಿ" ಎಂದುಬಿಟ್ಟೆ. ಹಾಲು ಜಾಸ್ತಿ ಬರಲೆಂದು ಎಚ್.ಎಫ್. ವೀರ್ಯ ಹಾಕಿಸಲಾಯಿತು.

ದಿನ ತುಂಬಿದಾಗ ನಡುರಾತ್ರಿ ಕರೆ ಬಂತು. ಕರು ದೊಡ್ಡದು, ಕಡಸಿನ ಸೊಂಟದ ಎಲುಬಿನ ದಾರಿ ಕಿರಿದು. ಮೂವರು ಸೇರಿ ಎಳೆದು ತೆಗೆದರೂ ಕರು ಉಳಿಯಲಿಲ್ಲ. ಸೊಂಟದ ನರ ನೊಂದು ಕಡಸಿನ ಹಿಂಗಾಲು ಸೋತವು. ಆ ತಾಯಿ ಹನ್ನೆರಡು ದಿನ ಹುಲ್ಲಿನ ಹಾಸಿಗೆಯ ಮೇಲೆ ಅದನ್ನು ಹೊತ್ತು ಹೊತ್ತಿಗೆ ಮಗ್ಗುಲು ತಿರುಗಿಸಿದರು. ಹದಿಮೂರನೆಯ ದಿನ ಎದ್ದು ನಿಂತಿತು. ಆದರೆ ಆ ಸೂಲಿನಲ್ಲಿ ನಿರೀಕ್ಷಿಸಿದ ಹಾಲಿನ ಅರ್ಧವೂ ಸಿಗಲಿಲ್ಲ.

"ಡಾಕ್ಟ್ರೇ, ಯಾವ ಹೋರೀದು ಹಾಕಿದ್ರು?" ಎಂದು ಅವರು ಕೇಳಿದರು. ಪುಸ್ತಕ ತೆಗೆಸಿ ನೋಡಿದೆ. ಹೋರಿ ಸಂಖ್ಯೆಯ ಜಾಗ ಖಾಲಿ ಇತ್ತು. ನನ್ನಲ್ಲಿ ಉತ್ತರವಿರಲಿಲ್ಲ. ಆ ಖಾಲಿ ಜಾಗವೇ ಈ ಲೇಖನಕ್ಕೆ ಕಾರಣ.

ವಂಶದ ಪಾಲು ಎಷ್ಟು?

"ತಾಯಿಯಂತೆ ಮಗಳು, ನೂಲಿನಂತೆ ಸೀರೆ" ಎಂಬ ಗಾದೆ ಹಸುವಿನ ಮಟ್ಟಿಗೆ ಅರ್ಧ ಸತ್ಯ. ಉಳಿದರ್ಧ ಗುಣ ತಂದೆ ಹೋರಿಯಿಂದ ಬರುತ್ತದೆ.

ಹಸುಗಳ ನಡುವೆ ಹಾಲಿನ ಇಳುವರಿಯಲ್ಲಿ ಕಾಣುವ ವ್ಯತ್ಯಾಸದಲ್ಲಿ ಸುಮಾರು ಶೇಕಡಾ 25ರಿಂದ 30 ಭಾಗ ವಂಶದ್ದು. ಹಾಲು ಜ್ವರ, ಕಸ ನಿಲ್ಲುವುದು, ಕೆಚ್ಚಲು ಬಾವು ಇವುಗಳಲ್ಲಿ ವಂಶದ ಪಾಲು ಸಾಮಾನ್ಯವಾಗಿ ಶೇಕಡಾ 10ಕ್ಕಿಂತ ಕಡಿಮೆ. ಉಳಿದದ್ದೆಲ್ಲ ಮೇವು, ಕೊಟ್ಟಿಗೆ, ಸ್ವಚ್ಛತೆ ಮತ್ತು ನಿಮ್ಮ ಕೈಗುಣ.

ಇಷ್ಟು ಕಡಿಮೆಯಾದರೆ ಹೋರಿ ಆರಿಸಿ ಏನು ಲಾಭ ಎಂದು ಕೇಳಬಹುದು. ಲಾಭ ಎರಡು ಬಗೆಯದು. ಒಂದು, ಮೇವು ನಿಲ್ಲಿಸಿದರೆ ಅದರ ಫಲ ನಿಲ್ಲುತ್ತದೆ. ವಂಶದಲ್ಲಿ ಬಂದ ಒಳ್ಳೆಯ ಗುಣ ಮಗಳಿಗೆ, ಮೊಮ್ಮಗಳಿಗೆ ಸಾಗುತ್ತದೆ. ಎರಡು, ಒಂದು ಹೋರಿಯ ವೀರ್ಯನಳಿಕೆಗಳು ಸಾವಿರಾರು ಕೊಟ್ಟಿಗೆ ತಲುಪುತ್ತವೆ. ಅದರ ಗುಣ ಸ್ವಲ್ಪ ಮೇಲಾದರೂ ಸಾವಿರಾರು ಹಸುಗಳಿಗೆ ಪ್ರಯೋಜನ, ಸ್ವಲ್ಪ ಕೀಳಾದರೂ ಸಾವಿರಾರು ಮನೆಗೆ ನಷ್ಟ.

ಆದರೆ ಹೋರಿಯನ್ನು ನೋಡಿ ಅದರ ಹೆಣ್ಣುಮಕ್ಕಳಿಗೆ ಹಾಲು ಜ್ವರ ಬರುವುದೋ ಇಲ್ಲವೋ ಹೇಳಲಾಗದು. ಮಕ್ಕಳ ಲೆಕ್ಕವೇ ಬೇಕು. ವಂಶದ ಪಾಲು ಕಡಿಮೆ ಇರುವ ಗುಣಕ್ಕೆ ಹತ್ತು ಮಕ್ಕಳ ಲೆಕ್ಕ ಸಾಲದು. ನೂರಾರು ಮಕ್ಕಳ ದಾಖಲೆ ಸೇರಿದಾಗ ಹೋರಿಯ ನಿಜಗುಣ ಕಾಣುತ್ತದೆ.

ಹಾಲನ್ನಷ್ಟೇ ನೋಡಿದರೆ?

ಹೆಚ್ಚು ಹಾಲಿನ ಗುಣಕ್ಕೂ ಹಾಲು ಜ್ವರ, ಕೆಚ್ಚಲು ಬಾವು, ಗಬ್ಬ ಕಟ್ಟುವ ತೊಂದರೆಗಳಿಗೂ ವಂಶದಲ್ಲಿ ಸ್ವಲ್ಪ ನಂಟಿದೆ. ಹಾಲನ್ನಷ್ಟೇ ನೋಡಿ ತಲೆತಲಾಂತರ ಆರಿಸುತ್ತ ಹೋದರೆ ಈ ರೋಗಗಳೂ ಜೊತೆಗೆ ನುಸುಳುತ್ತವೆ.

ನಾರ್ವೆ ದೇಶದ ಹೈನುಗಾರರು ಇದನ್ನು ಬೇಗ ಅರಿತರು. ಅಲ್ಲಿ 1975ರಿಂದ ಪ್ರತಿ ಹಸುವಿಗೂ ಆರೋಗ್ಯ ಚೀಟಿ ಇಟ್ಟು, ನೀಡಿದ ಚಿಕಿತ್ಸೆಯನ್ನೆಲ್ಲ ಬರೆಯತೊಡಗಿದರು. 1978ರಿಂದ ಹೋರಿಗಳ ಆಯ್ಕೆಯಲ್ಲಿ ಕೆಚ್ಚಲು ಬಾವನ್ನೂ ಲೆಕ್ಕಕ್ಕೆ ಹಿಡಿದರು. ಅಲ್ಲಿನ ಕೆಂಪು ತಳಿ ಇಂದು ಆರೋಗ್ಯ ಮತ್ತು ಫಲವಂತಿಕೆಗೆ ಹೆಸರಾಗಿದೆ. ಅಮೆರಿಕದಲ್ಲಿ ಹೋಲ್‌ಸ್ಟೀನ್ ಹೋರಿಗಳಿಗೆ ಹಾಲು ಜ್ವರ, ಕಸ ನಿಲ್ಲುವುದು, ಗರ್ಭಕೋಶದ ಸೋಂಕು, ಕೀಟೋಸಿಸ್, ಹೊಟ್ಟೆ ಜರುಗುವುದು, ಕೆಚ್ಚಲು ಬಾವು ಈ ಆರು ರೋಗಗಳ ಕುರಿತ ವಂಶಮೌಲ್ಯ ಪ್ರಕಟವಾಗತೊಡಗಿದ್ದು 2018ರಲ್ಲಿ. ಇವೆಲ್ಲಕ್ಕೂ ಆಧಾರ ರೈತರ ಮನೆಯ ದಾಖಲೆಗಳೇ.

ಸುಲಭ ಪ್ರಸವದ ಎರಡು ಮುಖ

ಹೆರಿಗೆ ಸುಲಭವಾಗಲು ಎರಡು ಗುಣ ಕೂಡಿಬರಬೇಕು. ಮೊದಲನೆಯದು ಕರುವಿನ ಗಾತ್ರ. ಇದರಲ್ಲಿ ಈಗ ಹಾಕಿಸುವ ಹೋರಿಯ ಪಾತ್ರವಿದೆ. ಶುದ್ಧ ಎಚ್.ಎಫ್. ಕರು ಹುಟ್ಟುವಾಗ ಸುಮಾರು 40 ಕಿಲೋ ತೂಗಿದರೆ, ಜರ್ಸಿ ಕರು ಸುಮಾರು 25 ಕಿಲೋ ತೂಗುತ್ತದೆ. ಎರಡನೆಯದು ತಾಯಿಯ ಸೊಂಟದ ಅಗಲ. ಇದರಲ್ಲಿ ತಾಯಿಯ ತಂದೆ ಹೋರಿಯ ಪಾತ್ರವಿದೆ.

ಹಾಗೆಂದು ಪ್ರತಿ ಸಲವೂ ಸಣ್ಣ ಕರುವಿನ ಹೋರಿಯನ್ನೇ ಆರಿಸುವುದು ಜಾಣತನವಲ್ಲ. ಸಣ್ಣದಾಗಿ ಹುಟ್ಟಿದ ಹೆಣ್ಣುಕರು ಬೆಳೆದಾಗ ಅದರ ಸೊಂಟವೂ ಕಿರಿದಾಗಬಹುದು. ಈ ಎಚ್ಚರ ಮುಖ್ಯವಾಗಿ ಚೊಚ್ಚಲ ಕಡಸಿಗೆ ಬೇಕು. ಎರಡು ಮೂರು ಸೂಲು ಕಂಡ ದೊಡ್ಡ ಹಸುವಿಗೆ ಅಷ್ಟು ಹೆದರಬೇಕಿಲ್ಲ.

ಬೆದೆಯ ದಿನ ಮಾಡಬೇಕಾದದ್ದು

1. ಕಡಸಿನ ತೂಕ ನೋಡಿ. ವಯಸ್ಸಾಯಿತೆಂದು ಹಾಕಿಸಬೇಡಿ. ಎಚ್.ಎಫ್. ಮಿಶ್ರತಳಿ ಕಡಸು 250 ಕಿಲೋ, ಜರ್ಸಿ ಮಿಶ್ರತಳಿ 200ರಿಂದ 225 ಕಿಲೋ ಆಗಿರಲಿ. ತಕ್ಕಡಿ ಬೇಡ, ಟೇಪು ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆಯನ್ನು ಮತ್ತು ಭುಜದ ಮೂಳೆಯಿಂದ ಬಾಲದ ಬುಡದ ಮೂಳೆಯವರೆಗಿನ ಉದ್ದವನ್ನು ಅಂಗುಲಗಳಲ್ಲಿ ಅಳೆಯಿರಿ. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಮತ್ತೆ ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿ. ಉದಾಹರಣೆಗೆ ಸುತ್ತಳತೆ 60, ಉದ್ದ 50 ಅಂಗುಲವಾದರೆ ತೂಕ ಸುಮಾರು 272 ಕಿಲೋ.

2. ಚೊಚ್ಚಲಿಗೆ ತಕ್ಕ ಹೋರಿ ಕೇಳಿ. ಸಣ್ಣ ಮೈಕಟ್ಟಿನ ಕಡಸಿಗೆ ಜರ್ಸಿ ಅಥವಾ ಜರ್ಸಿ ಮಿಶ್ರತಳಿ ಹೋರಿ ಕ್ಷೇಮ. ಲಿಂಗ ನಿರ್ಧರಿತ ವೀರ್ಯ ಸಿಗುವ ಕಡೆ ಅದನ್ನೂ ಕೇಳಬಹುದು. ಹೆಚ್ಚಿನಂಶ ಹೆಣ್ಣುಕರುವೇ ಹುಟ್ಟುತ್ತದೆ. ಹೆಣ್ಣುಕರು ಗಂಡುಕರುವಿಗಿಂತ ಹಗುರವಾದ್ದರಿಂದ ಹೆರಿಗೆಯೂ ಸುಲಭ.

3. ಒಂದೇ ಹೋರಿ ಮರುಕಳಿಸದಿರಲಿ. ತಂದೆ ಹೋರಿಯ ವೀರ್ಯವನ್ನೇ ಮಗಳಿಗೆ ಹಾಕಿದರೆ ಹುಟ್ಟುವ ಕರುವಿನಲ್ಲಿ ಒಳಸಂಬಂಧದ ಪ್ರಮಾಣ ಶೇಕಡಾ 25. ಇದರಿಂದ ಕರುವಿನ ಬಲ, ರೋಗನಿರೋಧ ಶಕ್ತಿ, ಮುಂದೆ ಗಬ್ಬ ನಿಲ್ಲುವ ಗುಣ ಎಲ್ಲಕ್ಕೂ ಪೆಟ್ಟು.

4. ವಿದೇಶಿ ರಕ್ತದ ಪ್ರಮಾಣ ಮಿತಿಯಲ್ಲಿರಲಿ. ಅರ್ಧ ಎಚ್.ಎಫ್. ಹಸುವಿಗೆ ಮತ್ತೆ ಶುದ್ಧ ಎಚ್.ಎಫ್. ಹಾಕಿದರೆ ಮಗಳಲ್ಲಿ ಶೇಕಡಾ 75, ಮೊಮ್ಮಗಳಲ್ಲಿ 87.5 ಆಗುತ್ತದೆ. ಬಿಸಿಲು ಹೆಚ್ಚು, ಹಸಿರು ಮೇವು ಕಡಿಮೆ ಇರುವ ಕಡೆ ಇಂಥ ಹಸು ಬೇಗ ಸೋಲುತ್ತದೆ. ಅಲ್ಲಿ ಮಿಶ್ರತಳಿ ಹೋರಿಯನ್ನೇ ಬಳಸಿ ಶೇಕಡಾ 50ರಿಂದ 62.5ರ ಆಸುಪಾಸಿನಲ್ಲಿ ಇರಿಸಿಕೊಳ್ಳುವುದು ಲೇಸು.

ಯಾವ ಕರು ಉಳಿಸಿಕೊಳ್ಳಬೇಕು?

ಹಾಲು ಜ್ವರ ಹೆಚ್ಚಾಗಿ ಕಾಣುವುದು ಮೂರನೆಯ ಸೂಲಿನಿಂದ ಮುಂದೆ, ಅದರಲ್ಲೂ ಜರ್ಸಿಯಲ್ಲಿ. ಆದ್ದರಿಂದ ಮೊದಲ ಸೂಲಿನ ಹಾಲು ನೋಡಿ ತೀರ್ಪು ಕೊಡಬೇಡಿ. ಮೂರು ನಾಲ್ಕು ಸಲ ತಾನಾಗಿ ಈದು, ಕಸ ಹಾಕಿ, ಮಲಗದೆ ಮೇವು ತಿಂದ ಹಸುವಿನ ಮಗಳನ್ನು ಮೊದಲು ಉಳಿಸಿಕೊಳ್ಳಿ. ದಿನಕ್ಕೆ ಒಂದೆರಡು ಲೀಟರ್ ಕಡಿಮೆ ಕೊಟ್ಟರೂ ಔಷಧಿ ಖರ್ಚು, ಚೆಲ್ಲಿದ ಹಾಲು, ತಡವಾದ ಗಬ್ಬ ಇವುಗಳ ಲೆಕ್ಕ ಹಾಕಿದಾಗ ಅವಳೇ ಮುಂದು. ಸೂಲು ಸೂಲಿಗೂ ಹಾಲು ಜ್ವರದಿಂದ ಬೀಳುವ ಅಥವಾ ಗಬ್ಬದಲ್ಲಿ ಮೈ ಹೊರಹಾಕುವ ಹಸುವಿನ ಮಗಳನ್ನು ಕೊನೆಯಲ್ಲಿ ಪರಿಗಣಿಸಿ.

ತಳಿ ಇದ್ದರಷ್ಟೇ ಸಾಲದು

ಒಳ್ಳೆಯ ಬೀಜಕ್ಕೂ ನೀರು ಗೊಬ್ಬರ ಬೇಕಲ್ಲವೇ? ಈಯುವ 60 ದಿನ ಮೊದಲು ಹಾಲು ಬತ್ತಿಸಿ. ಬತ್ತಿದ ಕಾಲದಲ್ಲಿ ಹಸು ಸೊರಗಲೂ ಬಾರದು, ಅತಿಯಾಗಿ ಕೊಬ್ಬಲೂ ಬಾರದು. ಹಾಲು ಜ್ವರ ಬರದಿರಲೆಂದು ಗಬ್ಬದ ಕೊನೆಯ ಮೂರು ವಾರ ಕ್ಯಾಲ್ಸಿಯಂ ದ್ರಾವಣ ಕುಡಿಸುವ ರೂಢಿ ಹಲವರಲ್ಲಿದೆ. ಇದು ತಪ್ಪು. ಬಾಯಿಂದ ಸುಲಭವಾಗಿ ಸಿಕ್ಕರೆ ಎಲುಬಿನಿಂದ ಕ್ಯಾಲ್ಸಿಯಂ ತೆಗೆಯುವ ಶಕ್ತಿ ಮೈಗೆ ಮರೆತಂತಾಗಿ, ಗಿಣ್ಣು ಹಾಲು ಇಳಿಯುವಾಗ ಹಸು ಕುಸಿಯುತ್ತದೆ. ಕ್ಯಾಲ್ಸಿಯಂ ಬೇಕಾದದ್ದು ಈದ ದಿನದಿಂದ. ಕಸ 12 ಗಂಟೆಯಾದರೂ ಬೀಳದಿದ್ದರೆ ಕೈಹಾಕಿ ಎಳೆಯಬೇಡಿ, ಕಲ್ಲು ಕಟ್ಟಬೇಡಿ, ಪಶುವೈದ್ಯರನ್ನು ಕರೆಸಿ.

ನಿಮ್ಮ ಕೈಯಲ್ಲೊಂದು ಪುಸ್ತಕ

ಪ್ರತಿ ಹಸುವಿಗೆ ಪುಸ್ತಕದಲ್ಲಿ ಒಂದು ಹಾಳೆ ಮೀಸಲಿಡಿ. ಅದರಲ್ಲಿ ಇಷ್ಟು ಬರೆಯಿರಿ:

• ಕಿವಿಯೋಲೆಯ 12 ಅಂಕಿಯ ಸಂಖ್ಯೆ
• ಕೃತಕ ಗರ್ಭಧಾರಣೆಯ ದಿನಾಂಕ, ಹೋರಿಯ ತಳಿ ಮತ್ತು ಸಂಖ್ಯೆ (ಇದು ವೀರ್ಯನಳಿಕೆಯ ಮೇಲೆಯೇ ಅಚ್ಚಾಗಿರುತ್ತದೆ)
• ಕರು ಹಾಕಿದ ದಿನಾಂಕ, ಕರು ಗಂಡೋ ಹೆಣ್ಣೋ
• ತಾನಾಗಿ ಈಯಿತೋ, ಎಳೆಯಬೇಕಾಯಿತೋ
• ಕಸ ಎಷ್ಟು ಗಂಟೆಗೆ ಬಿತ್ತು
• ಹಾಲು ಜ್ವರ, ಕೆಚ್ಚಲು ಬಾವು ಮುಂತಾದ ಕಾಯಿಲೆ ಮತ್ತು ಚಿಕಿತ್ಸೆ

ಗರ್ಭಧಾರಣೆ ಮಾಡಲು ಬಂದವರು ನಳಿಕೆ ಎಸೆಯುವ ಮುನ್ನ ಕೇಳಿ ಪಡೆದು ಸಂಖ್ಯೆ ಬರೆದುಕೊಳ್ಳಿ. ಕೇಳುವುದು ನಿಮ್ಮ ಹಕ್ಕು. ಕಾಯಿಲೆಯ ವಿವರವನ್ನೂ ಸಂಘದಲ್ಲಿ ತಿಳಿಸಿ. ನೂರು ಮನೆಯ ಹಾಳೆ ಸೇರಿದಾಗ ಯಾವ ಹೋರಿಯ ಮಕ್ಕಳು ಕಷ್ಟಪಡುತ್ತಿವೆ ಎಂಬುದು ತಾನಾಗಿ ಹೊರಬೀಳುತ್ತದೆ.

ಆ ತಾಯಿಯ ಹಸುವಿಗೆ ಮುಂದಿನ ಸಲ ಜರ್ಸಿ ವೀರ್ಯ ಹಾಕಿಸಿದೆವು. ಅದು ಬೆಳಗಿನ ಜಾವ ಯಾರ ಸಹಾಯವೂ ಇಲ್ಲದೆ ಹೆಣ್ಣುಕರು ಹಾಕಿತು. ನಾನು ಹೋಗುವ ಹೊತ್ತಿಗೆ ಕರು ಎದ್ದು ಗಿಣ್ಣು ಕುಡಿಯುತ್ತಿತ್ತು. ಆ ತಾಯಿಗೆ ಓದು ಬಾರದು. ಮಗಳ ಕೈಯಲ್ಲಿ ಬರೆಸಿದ ಪುಸ್ತಕ ತಂದು ತೋರಿಸಿದರು. ಹೋರಿ ಸಂಖ್ಯೆಯ ಜಾಗ ಈ ಸಲ ಖಾಲಿ ಇರಲಿಲ್ಲ.

ಪಾಠದ ಪ್ರಶ್ನೆಗಳು

1. ನಿಮ್ಮ ಕೊಟ್ಟಿಗೆಯ ಗಬ್ಬದ ಹಸುವಿಗೆ ಹಾಕಿಸಿದ ಹೋರಿಯ ಸಂಖ್ಯೆ ಎಷ್ಟು?
2. ಅದೇ ಹೋರಿ ಆ ಹಸುವಿನ ತಂದೆಯಲ್ಲವೆಂದು ಖಚಿತವಾಗಿ ಹೇಳಬಲ್ಲಿರಾ?
3. ನಿಮ್ಮ ಹಸು ಕಳೆದ ಸೂಲಿನಲ್ಲಿ ಕಸ ಹಾಕಲು ಎಷ್ಟು ಗಂಟೆ ತೆಗೆದುಕೊಂಡಿತು?

ಉತ್ತರ ಗೊತ್ತಿಲ್ಲದಿದ್ದರೆ ಇಂದೇ ಒಂದು ಪುಸ್ತಕ ಕೊಳ್ಳಿ.